‘ಕೋಡಿಂಗ್ ಎಲ್ಲರ ತಲೆಗೂ ಹತ್ತಲ್ಲ’ ಎನ್ನುವುದು ನಿಜವೇ? ಮೊದಲ ಪುಸ್ತಕ ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ಮನೆಮಂದಿಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಬಗೆಯ ಮೆಸೇಜ್ ಸುತ್ತಲು ಶುರುವಾಗುತ್ತದೆ. ಪದಗಳು ಆಚೀಚೆ ಆದರೂ ಹೂರಣ ಒಂದೇ. ಆರನೇ ವಯಸ್ಸಿಗೆ ಕೋಡಿಂಗ್ ಶುರು ಮಾಡದ ಮಗು ಹಿಂದೆ ಬೀಳುತ್ತದೆ. ‘ಸಿ’ ಎಲ್ಲ ಭಾಷೆಗಳ ತಾಯಿ, ಅದನ್ನೇ ಮೊದಲು ಕಲಿಯಬೇಕು. ಈ ಐದು ಪುಸ್ತಕ ಓದಿದರೆ ಆರು ತಿಂಗಳಲ್ಲಿ ಕೆಲಸ ಗ್ಯಾರಂಟಿ. ಇಂಗ್ಲಿಷ್, ಗಣಿತ ಎರಡೂ ಚೆನ್ನಾಗಿಲ್ಲದವರಿಗೆ ಇದು ಹತ್ತುವುದಿಲ್ಲ, ಮೊದಲ ತಿಂಗಳಲ್ಲಿ ಅರ್ಥವಾಗದಿದ್ದರೆ ಬಿಟ್ಟುಬಿಡುವುದೇ ಒಳ್ಳೆಯದು. ಕೆಳಗೆ ಎಂದಿನಂತೆ ‘ಮಕ್ಕಳ ಭವಿಷ್ಯಕ್ಕಾಗಿ ಎಲ್ಲರಿಗೂ ಕಳುಹಿಸಿ’.

ಈ ಮಾತುಗಳಲ್ಲಿ ಹೆಚ್ಚು ಹಾನಿ ಮಾಡುವುದು ಕೊನೆಯದು. ಅದು ನನಗೆ ಗೊತ್ತಾದದ್ದು ನಮ್ಮ ಮನೆಯಲ್ಲೇ. ಅಕ್ಕನ ಮಗಳು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ಮುಗಿಸಿ ಬಿಸಿಎ ಸೇರಿದಳು. ಎರಡನೇ ತಿಂಗಳಲ್ಲಿ ಒಂದು ರಾತ್ರಿ ಫೋನ್ ಮಾಡಿದಳು. “ಚಿಕ್ಕಮ್ಮ, ಬಿ.ಕಾಂ.ಗೆ ಬದಲಾಯಿಸಿಕೊಳ್ಳಲಾ? ಸಿ ನನ್ನ ತಲೆಗೆ ಹತ್ತುತ್ತಲೇ ಇಲ್ಲ. ಕೆಲವರಿಗೆ ಹುಟ್ಟಿನಿಂದಲೇ ಬರುತ್ತಂತೆ, ನಮ್ಮ ಸರ್ ಕೂಡ ಹಾಗೇ ಅಂದರು.” ಮೊದಲ ಇಂಟರ್ನಲ್‌ನಲ್ಲಿ ಅವಳಿಗೆ 20ಕ್ಕೆ 6 ಬಂದಿತ್ತು.

ಹುಟ್ಟಿನಿಂದಲೇ ಬರುತ್ತದೆ ಎನ್ನುವ ಮಾತು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಒಂದು ಸ್ವಾರಸ್ಯದ ಕಥೆ ಸಿಗುತ್ತದೆ.

ಎರಡು ಡುಬ್ಬದ ಒಂಟೆ

2006ರಲ್ಲಿ ಇಂಗ್ಲೆಂಡಿನ ಮಿಡಲ್‌ಸೆಕ್ಸ್ ವಿಶ್ವವಿದ್ಯಾಲಯದ ಸಯೀದ್ ದೆಹ್ನಾದಿ ಮತ್ತು ರಿಚರ್ಡ್ ಬೋರ್ನಾಟ್ ಒಂದು ಪ್ರಬಂಧ ಬರೆದರು. ಪ್ರೋಗ್ರಾಮಿಂಗ್ ತರಗತಿಯ ಅಂಕಗಳ ಗ್ರಾಫ್ ಎಳೆದರೆ ಅದು ಒಂಟೆಯ ಬೆನ್ನಿನಂತೆ ಎರಡು ಡುಬ್ಬವಾಗಿ ಕಾಣುತ್ತದೆ, ಒಂದು ಡುಬ್ಬ ಬರುವವರದು, ಇನ್ನೊಂದು ಎಂದೂ ಬಾರದವರದು ಎನ್ನುವುದು ಅವರ ವಾದ. ಪಾಠ ಶುರುವಾಗುವ ಮೊದಲೇ ಒಂದು ಸಣ್ಣ ಪರೀಕ್ಷೆ ಕೊಟ್ಟು ಯಾರು ಯಾವ ಡುಬ್ಬದಲ್ಲಿದ್ದಾರೆ ಎಂದು ಹೇಳಬಹುದು ಎಂದೂ ಅವರು ಬರೆದಿದ್ದರು. ಆ ಪರೀಕ್ಷೆಯ ಮೊದಲ ಪ್ರಶ್ನೆಯನ್ನು ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

ಅ = 10
ಬ = 20
ಅ = ಬ

ಈಗ ಅ ಎಷ್ಟು, ಬ ಎಷ್ಟು? ಮುಂದೆ ಓದುವ ಮುನ್ನ ನೀವೂ ಒಂದು ಉತ್ತರ ಅಂದುಕೊಳ್ಳಿ.

ಕರಡಿನ ರೂಪದಲ್ಲೇ ಆ ಪ್ರಬಂಧ ಇಂಟರ್ನೆಟ್‌ನಲ್ಲಿ ಹರಿದಾಡಿತು. ಅದೂ ಒಂದು ಫಾರ್ವರ್ಡೇ, ಓದಿದವರು ವಾಟ್ಸಾಪ್ ಅಂಕಲ್‌ಗಳಲ್ಲ, ಪ್ರೊಫೆಸರುಗಳು, ಅಷ್ಟೇ ವ್ಯತ್ಯಾಸ. ತಮ್ಮ ತರಗತಿಯಲ್ಲಿ ಅರ್ಧ ಮಂದಿಗೆ ಅರ್ಥವಾಗದಿದ್ದರೆ ಅದು ತಮ್ಮ ತಪ್ಪಲ್ಲ ಎಂದು ಹೇಳುವ ಕಾಗದ ಯಾರಿಗೆ ಬೇಡ? ಆಮೇಲೆ ಬೇರೆ ಕಡೆ ಅದೇ ಪರೀಕ್ಷೆ ಮಾಡಿ ನೋಡಿದಾಗ ಅಷ್ಟು ಸ್ಪಷ್ಟವಾದ ಗೆರೆ ಕಾಣಲಿಲ್ಲ. 2014ರಲ್ಲಿ ಸ್ವತಃ ಬೋರ್ನಾಟ್, ತಾನು ಹೇಳಿದ್ದು ಅತಿಯಾಗಿತ್ತು, ಹುಟ್ಟು ಸಾಮರ್ಥ್ಯವನ್ನು ಅಳೆಯುವ ಪರೀಕ್ಷೆ ತಮ್ಮ ಬಳಿ ಇಲ್ಲ ಎಂದು ಬರೆದು ಆ ಪ್ರಬಂಧವನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು. ಹಿಂತೆಗೆದ ಸುದ್ದಿ ಮಾತ್ರ ಮೊದಲಿನದರಷ್ಟು ದೂರ ಹೋಗಲಿಲ್ಲ. ಫಾರ್ವರ್ಡುಗಳ ಹಣೆಬರಹವೇ ಅದು.

2016ರಲ್ಲಿ ಕೆನಡಾದ ಸಂಶೋಧಕರು ಒಂದು ದೊಡ್ಡ ವಿಶ್ವವಿದ್ಯಾಲಯದ 778 ಕಂಪ್ಯೂಟರ್ ಸೈನ್ಸ್ ತರಗತಿಗಳ ಅಂತಿಮ ಅಂಕಗಳನ್ನು ತೆಗೆದುಕೊಂಡು ಲೆಕ್ಕ ಹಾಕಿದರು. ಒಂದಕ್ಕಿಂತ ಹೆಚ್ಚು ಡುಬ್ಬ ಇರಬಹುದು ಎನ್ನುವಂತೆ ಕಂಡದ್ದು 5.8 ಶೇಕಡಾ ತರಗತಿಗಳಲ್ಲಿ ಮಾತ್ರ. ಅದೇ ಅಧ್ಯಯನದ ಇನ್ನೊಂದು ಭಾಗ ಇನ್ನೂ ಚೆನ್ನಾಗಿದೆ. ಎರಡು ಡುಬ್ಬ ಇವೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಲಾಗದ ಗ್ರಾಫುಗಳನ್ನು ಬೋಧಕರಿಗೆ ತೋರಿಸಿದರು. ಕೋಡಿಂಗ್ ಹುಟ್ಟಿನಿಂದ ಬರುವುದು ಎಂದು ನಂಬಿದವರ ಕಣ್ಣಿಗೆ ಎರಡು ಡುಬ್ಬ ಹೆಚ್ಚಾಗಿ ಕಂಡವು.

ಹಾಗೆಂದು ಈ ವಿಷಯ ಸುಲಭ ಎಂದು ನಾನು ಹೇಳುತ್ತಿಲ್ಲ. ಹಲವು ದೇಶಗಳ ಕಾಲೇಜುಗಳಿಂದ ಅಂಕಿಅಂಶ ತರಿಸಿಕೊಂಡು ನೋಡಿದ 2007ರ ಅಧ್ಯಯನದಲ್ಲಿ ಮೊದಲ ಪ್ರೋಗ್ರಾಮಿಂಗ್ ಕೋರ್ಸಿನಲ್ಲಿ ಸುಮಾರು 33 ಶೇಕಡಾ ವಿದ್ಯಾರ್ಥಿಗಳು ಪಾಸಾಗಿರಲಿಲ್ಲ. ಅದೇ ಸಂಶೋಧಕರು 2019ರಲ್ಲಿ ಮತ್ತೆ ನೋಡಿದಾಗ ಅದು 28 ಶೇಕಡಾ ಆಗಿತ್ತು. ಕಷ್ಟದ ವಿಷಯವೇ, ಆದರೆ ಹತ್ತರಲ್ಲಿ ಏಳು ಮಂದಿ ದಾಟುವ ಕಷ್ಟ. ಅಕ್ಕನ ಮಗಳಿಗೆ ಆ ರಾತ್ರಿ ಈ ಸಂಖ್ಯೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತೆ ನನಗೆ ಯಾಕೆ ಅರ್ಥ ಆಗ್ತಿಲ್ಲ?” ಅಂದಳು. ಸರಿಯಾದ ಪ್ರಶ್ನೆ.

ಸಮ ಚಿಹ್ನೆ ಸಮ ಅಲ್ಲ

ಮೇಲಿನ ಪ್ರಶ್ನೆಗೆ ಸರಿಯುತ್ತರ: ಅ 20, ಬ ಕೂಡ 20. ನೀವು ಬೇರೆ ಉತ್ತರ ಅಂದುಕೊಂಡಿದ್ದರೆ ನಾಚಿಕೆಪಡಬೇಕಿಲ್ಲ. ‘ಬ ದಲ್ಲಿದ್ದದ್ದು ಅ ಗೆ ಹೋಯಿತು, ಹಾಗಾಗಿ ಬ ಸೊನ್ನೆ’ ಎನ್ನುವವರಿದ್ದಾರೆ. ‘ಅ ದಲ್ಲಿ ಮೊದಲೇ 10 ಇತ್ತು, ಈಗ 30 ಆಯಿತು’ ಎನ್ನುವವರಿದ್ದಾರೆ. ‘ಎರಡೂ ಅದಲು ಬದಲಾದವು’ ಎನ್ನುವವರೂ ಇದ್ದಾರೆ. ಗಣಿತ ಚೆನ್ನಾಗಿ ಬರುವ ಹುಡುಗರು ‘10 ಮತ್ತು 20 ಹೇಗೆ ಸಮವಾಗುತ್ತವೆ, ಪ್ರಶ್ನೆಯೇ ತಪ್ಪು’ ಎಂದದ್ದನ್ನೂ ನಾನು ಕೇಳಿದ್ದೇನೆ. ಪ್ರತಿಯೊಂದು ಉತ್ತರದ ಹಿಂದೆಯೂ ಒಂದು ತರ್ಕವಿದೆ. ತಲೆ ಕೆಲಸ ಮಾಡುತ್ತಿದೆ, ಯಂತ್ರದ ಕಟ್ಟಳೆಯನ್ನು ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ.

ಅನೇಕ ಪುಸ್ತಕಗಳು ವೇರಿಯಬಲ್ ಅಂದರೆ ಒಂದು ಡಬ್ಬ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಡಬ್ಬದ ಹೋಲಿಕೆ ಆರಂಭಕ್ಕೆ ಅನುಕೂಲ, ಆದರೆ ಅದರಿಂದಲೇ ಗೊಂದಲವೂ ಹುಟ್ಟುತ್ತದೆ. ಸಾಸಿವೆ ಡಬ್ಬಕ್ಕೆ ಇನ್ನಷ್ಟು ಸಾಸಿವೆ ಹಾಕಿದರೆ ಹಳೆಯದು ಹೋಗುವುದಿಲ್ಲ. ಒಂದು ಡಬ್ಬದಿಂದ ಇನ್ನೊಂದಕ್ಕೆ ಸುರಿದರೆ ಮೊದಲನೆಯದು ಖಾಲಿಯಾಗುತ್ತದೆ. ವೇರಿಯಬಲ್ ಹಾಗಲ್ಲ.

ನನಗೆ ತರಕಾರಿ ಅಂಗಡಿಯ ಸ್ಲೇಟು ಹೆಚ್ಚು ಹೊಂದುವಂತೆ ಕಂಡಿದೆ. ಟೊಮೆಟೊ ಎಂದು ಹೆಸರು ಬರೆದ ಸ್ಲೇಟಿನಲ್ಲಿ 40 ಎಂದಿದೆ. ಬೆಲೆ ಇಳಿದರೆ 40 ಅಳಿಸಿ 30 ಬರೆಯುತ್ತಾರೆ, ಹಳೆಯದರ ಗುರುತೂ ಉಳಿಯುವುದಿಲ್ಲ. ಪಕ್ಕದ ಅಂಗಡಿಯ ಸ್ಲೇಟು ನೋಡಿ ಅದೇ ಬೆಲೆ ಇಲ್ಲಿ ಬರೆದುಕೊಂಡರೆ ಆ ಸ್ಲೇಟಿನದು ಅಳಿಸಿಹೋಗುವುದಿಲ್ಲ. ‘ಅ = ಬ’ ಅಂದರೆ ಬ ಸ್ಲೇಟು ನೋಡಿ, ಅದರಲ್ಲಿರುವುದನ್ನು ಅ ಸ್ಲೇಟಿನಲ್ಲಿ ಬರೆ ಎಂಬ ಅಪ್ಪಣೆ. ಸಮ ಎಂಬ ಹೇಳಿಕೆ ಅಲ್ಲ. ಇದು ತಿಳಿದರೆ ‘ಮೊತ್ತ = ಮೊತ್ತ + 40’ ಎಂಬ ಸಾಲು ಗಣಿತದ ಕಣ್ಣಿಗೆ ಹುಚ್ಚಾಗಿ ಕಂಡರೂ ಯಂತ್ರಕ್ಕೆ ಯಾಕೆ ಸಲೀಸು ಎನ್ನುವುದು ತಿಳಿಯುತ್ತದೆ.

ಒಂದು ವಿಷಯ ಹೇಳಲು ಮರೆತೆ. ಮೇಲಿನ ಮೂರು ಸಾಲುಗಳನ್ನು ಕನ್ನಡ ಅಕ್ಷರದಲ್ಲೇ ಪೈಥಾನ್ 3ರಲ್ಲಿ ಟೈಪ್ ಮಾಡಿ ಓಡಿಸಬಹುದು. ಹೆಸರುಗಳು ಕನ್ನಡದಲ್ಲಿದ್ದರೆ ಅದಕ್ಕೆ ಅಡ್ಡಿಯಿಲ್ಲ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಬರೆಯುವ ಮೊದಲು ಓದುವುದು

ನಮ್ಮಲ್ಲಿ ಅಕ್ಷರ ಕಲಿಸುವುದು ಹೇಗೆ? ಅಮ್ಮನೋ ಮೇಷ್ಟರೋ ಸ್ಲೇಟಿನ ಮೇಲೆ ದೊಡ್ಡದಾಗಿ ‘ಅ’ ಬರೆದುಕೊಡುತ್ತಾರೆ, ಮಗು ಅದರ ಮೇಲೆ ತಿದ್ದುತ್ತದೆ. ತಿದ್ದಿ ತಿದ್ದಿ ಕೈ ಪಳಗಿದ ಮೇಲೆ ತಾನೇ ಬರೆಯುತ್ತದೆ. ಮೊದಲ ದಿನವೇ ಖಾಲಿ ಸ್ಲೇಟು ಕೊಟ್ಟು ಪತ್ರ ಬರೆ ಅನ್ನುವುದಿಲ್ಲ. ಪ್ರೋಗ್ರಾಮಿಂಗ್ ತರಗತಿಗಳಲ್ಲಿ ಮಾತ್ರ ಬಹುಪಾಲು ಹಾಗೆಯೇ ನಡೆಯುತ್ತದೆ. ಬೋರ್ಡಿನ ಮೇಲೆ ಒಂದು ಪ್ರೋಗ್ರಾಂ, ವಿದ್ಯಾರ್ಥಿಗಳು ಅದನ್ನು ಲ್ಯಾಬ್ ರೆಕಾರ್ಡಿಗೆ ಇಳಿಸಿಕೊಳ್ಳುತ್ತಾರೆ, ಮರುವಾರ ‘ಈಗ ನೀವೇ ಒಂದು ಬರೆಯಿರಿ’. ಬರೆಯಲಾಗದವರು ಉರು ಹೊಡೆಯುತ್ತಾರೆ. ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತಿದಾಗ ಉರು ಹೊಡೆದದ್ದೇ ಬಂದರೆ ಪಾಸು.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. 2001ರಲ್ಲಿ ಕೆಲವು ದೇಶಗಳ ನಾಲ್ಕು ವಿಶ್ವವಿದ್ಯಾಲಯಗಳಲ್ಲಿ, ಮೊದಲ ಹಂತದ ಕೋರ್ಸುಗಳನ್ನು ಮುಗಿಸಿದ 216 ವಿದ್ಯಾರ್ಥಿಗಳಿಗೆ ಸರಳ ಕ್ಯಾಲ್ಕುಲೇಟರ್ ಬಗೆಯ ಪ್ರೋಗ್ರಾಂ ಬರೆಯಲು ಕೊಟ್ಟರು. 110 ಅಂಕಕ್ಕೆ ಸರಾಸರಿ ಬಂದದ್ದು 23ಕ್ಕೂ ಕಡಿಮೆ. ಬೋಧಕರೇ ಬೆಚ್ಚಿದರು. ಮೂರು ವರ್ಷಗಳ ನಂತರ ಏಳು ದೇಶಗಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಬರೆಯುವುದನ್ನು ಬಿಟ್ಟು, ಸಣ್ಣ ಕೋಡ್ ತೋರಿಸಿ ‘ಇದು ಓಡಿದರೆ ಏನು ಉತ್ತರ ಬರುತ್ತದೆ’ ಎಂದಷ್ಟೇ ಕೇಳಿದರು. ಅದಕ್ಕೂ ಬಹಳ ಮಂದಿ ತಡವರಿಸಿದರು. ಓದಲು ಬಾರದವರಿಗೆ ಬರೆಯಲು ಹೇಳಿದ್ದೇವೆ ಎನ್ನುವುದು ಆಗ ಗೊತ್ತಾಯಿತು.

ಅಲ್ಲಿಂದ ಈಚೆಗೆ ಹುಟ್ಟಿದ ಕಲಿಕೆಯ ವಿಧಾನಗಳಲ್ಲಿ ಮನೆಯಲ್ಲೂ ಮಾಡಬಹುದಾದ ಒಂದನ್ನು ಹೇಳುತ್ತೇನೆ. ಇಂಗ್ಲೆಂಡಿನ ಸ್ಯೂ ಸೆಂಟನ್ಸ್ ಎಂಬ ಶಿಕ್ಷಣ ಸಂಶೋಧಕಿ ರೂಪಿಸಿದ ಕ್ರಮ ಇದು. ಮೊದಲು ಕೋಡ್ ನೋಡಿ ಏನಾಗುತ್ತದೆ ಎಂದು ಊಹಿಸು. ಆಮೇಲೆ ಓಡಿಸು. ಊಹೆ ತಪ್ಪಿದ್ದರೆ ಯಾಕೆ ಎಂದು ಸಾಲು ಸಾಲಾಗಿ ಕೆದಕು. ಒಂದೆರಡು ಕಡೆ ಬದಲಿಸಿ ನೋಡು. ಕೊನೆಯಲ್ಲಿ ಹೊಸದು ಬರೆ. 11ರಿಂದ 14 ವರ್ಷದ ಸುಮಾರು 500 ಮಕ್ಕಳಲ್ಲಿ ಇದನ್ನು ಪ್ರಯೋಗಿಸಿದಾಗ, ಎಂದಿನಂತೆ ಕಲಿತವರಿಗಿಂತ ಇವರು ಪರೀಕ್ಷೆಯಲ್ಲಿ ಮುಂದಿದ್ದರು.

ಅಕ್ಕನ ಮನೆಯಲ್ಲಿ ಎರಡು ಹಸುಗಳಿವೆ, ಬೆಳಿಗ್ಗೆ ಡೇರಿಗೆ ಹಾಲು ಹಾಕುತ್ತಾರೆ. ಹಾಗಾಗಿ ನಾನು ಅವಳಿಗೆ ಕಳುಹಿಸಿದ ಮೊದಲ ಪ್ರೋಗ್ರಾಂ ಇದು:

ಲೀಟರ್ = 6
ದರ = 35
ಹಣ = ಲೀಟರ್ * ದರ
ಲೀಟರ್ = 8
ಹಣ

ನಡುವಿನ ನಕ್ಷತ್ರ ಗುಣಾಕಾರದ ಗುರುತು. ಕೊನೆಯ ಸಾಲು ‘ಹಣ ಎಷ್ಟಿದೆ ತೋರಿಸು’ ಎಂದು ಕೇಳುತ್ತದೆ. ಅವಳ ಊಹೆ 280. ಓಡಿಸಿದರೆ ಬಂದದ್ದು 210. “ಲೀಟರ್ 8 ಆಯ್ತಲ್ಲ, ಹಣ ಯಾಕೆ ಏರಲಿಲ್ಲ?” ಎಂದು ಅರ್ಧ ಗಂಟೆ ಜಗಳ. ಹಾಲು ಅಳೆದಾಗ ಚೀಟಿಯಲ್ಲಿ ಬರೆದ ಹಣ, ಸಂಜೆ ಹಸು ಹೆಚ್ಚು ಕೊಟ್ಟರೆ ತಾನಾಗಿ ತಿದ್ದಿಕೊಳ್ಳುತ್ತದೆಯೇ ಎಂದು ನಾನು ಕೇಳಿದೆ. ಯಂತ್ರ ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲು ಮಾಡುತ್ತ ಹೋಗುತ್ತದೆ, ಹಿಂದಿರುಗಿ ನೋಡುವುದಿಲ್ಲ. ಮೂರನೇ ಸಾಲು ಓಡಿದ ಹೊತ್ತಿಗೆ ಲೀಟರ್ 6 ಇತ್ತು, ಅಷ್ಟೇ. ಅವಳ ತರಗತಿಯಲ್ಲಿ ಎರಡು ತಿಂಗಳಲ್ಲಿ ಯಾರೂ ಈ ಒಂದು ಮಾತನ್ನು ಬಿಡಿಸಿ ಹೇಳಿರಲಿಲ್ಲ. ಸಿಲಬಸ್ ಮಾತ್ರ ಲೂಪ್ ದಾಟಿ ಅರೇ ತಲುಪಿತ್ತು.

ಇದಕ್ಕೆ ಬೇಕಾದ ಸಲಕರಣೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್. ಹಾಳೆಯಲ್ಲಿ ಪ್ರತಿ ವೇರಿಯಬಲ್‌ಗೆ ಒಂದು ಕಾಲಂ ಎಳೆದು, ಪ್ರತಿ ಸಾಲು ಓಡಿದಾಗಲೂ ಯಾವ ಬೆಲೆ ಅಳಿಸಿತು, ಯಾವುದು ಬಂತು ಎಂದು ಬರೆಯುತ್ತ ಹೋಗುವುದು. ಬೇಸರದ ಕೆಲಸ ಎನಿಸುತ್ತದೆ. ಎರಡು ವಾರ ಮಾಡಿದವರಿಗೆ ಕಣ್ಣಲ್ಲೇ ಓಡಿಸಲು ಬರುತ್ತದೆ. ಜೋಡಿಸುವ ಆಟವೂ ಒಳ್ಳೆಯದು: ಸರಿಯಾದ ಪ್ರೋಗ್ರಾಂನ ಸಾಲುಗಳನ್ನು ಚೀಟಿಗಳಲ್ಲಿ ಬರೆದು ಕಲಸಿ, ಕ್ರಮವಾಗಿ ಇಡಲು ಹೇಳುವುದು. ನ್ಯೂಜಿಲೆಂಡಿನ ಇಬ್ಬರು ಶಿಕ್ಷಕಿಯರು 2006ರಲ್ಲಿ ಇದನ್ನು ಪರಿಚಯಿಸಿದರು. ಖಾಲಿ ಹಾಳೆಯಿಂದ ಕೋಡ್ ಬರೆಯುವುದಕ್ಕಿಂತ ಕಡಿಮೆ ಸಮಯದಲ್ಲಿ ಹೆಚ್ಚುಕಡಿಮೆ ಅಷ್ಟೇ ಕಲಿಕೆ ಆಗುತ್ತದೆ ಎಂದು ನಂತರದ ಪ್ರಯೋಗಗಳಲ್ಲಿ ಕಂಡಿದೆ.

ಸಿ ಎಲ್ಲದರ ತಾಯಿಯೇ?

ಅಲ್ಲ. ಸಿ ಹುಟ್ಟಿದ್ದು 1970ರ ದಶಕದ ಆರಂಭದಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ಡೆನಿಸ್ ರಿಚಿ ಅವರ ಕೈಯಲ್ಲಿ. ಫೋರ್‌ಟ್ರಾನ್ 1957ರಲ್ಲೇ ಬಂದಿತ್ತು, ಲಿಸ್ಪ್ ಮತ್ತು ಕೋಬಾಲ್ ಅದರ ಬೆನ್ನಿಗೇ ಬಂದವು. ಆ ಫಾರ್ವರ್ಡಿನಲ್ಲಿ ಅರ್ಧ ಸತ್ಯ ಇಲ್ಲದಿಲ್ಲ. ಜಾವಾ, ಸಿ++ ಮುಂತಾದವು ಸಿ ಯ ಬರವಣಿಗೆಯ ರೀತಿಯನ್ನು ಎತ್ತಿಕೊಂಡಿವೆ, ಪೈಥಾನ್ ಓಡಿಸುವ ಮುಖ್ಯ ತಂತ್ರಾಂಶವನ್ನು ಬರೆದಿರುವುದೂ ಸಿ ಯಲ್ಲೇ. ಆದರೆ ಅಡಿಪಾಯದಲ್ಲಿರುವುದನ್ನೇ ಮೊದಲು ಕಲಿಯಬೇಕೆಂದರೆ, ಅಡುಗೆ ಕಲಿಯಲು ಬಂದವರನ್ನು ಭತ್ತದ ಗದ್ದೆಗೆ ಕಳುಹಿಸಬೇಕಾಗುತ್ತದೆ.

ಸಿ ಯಲ್ಲಿ ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಬರೆಯಲೂ ಹೆಡರ್ ಫೈಲ್, ಮೇನ್, ಪರ್ಸೆಂಟ್ ಡಿ, ಸ್ಕ್ಯಾನ್ಎಫ್ ಮುಂದಿನ ಆಂಪರ್ಸೆಂಡ್ ಎಲ್ಲ ಬೇಕು. ‘ಇದು ಯಾಕೆ’ ಎಂದು ಕೇಳಿದರೆ ‘ಮುಂದೆ ಪಾಯಿಂಟರ್ ಪಾಠದಲ್ಲಿ ತಿಳಿಯುತ್ತದೆ’ ಎಂಬ ಉತ್ತರ. ಹೊಸಬರ ಗಮನವೆಲ್ಲ ಚಿಹ್ನೆಗಳಿಗೆ ಹೋಗಿ, ಯೋಚನೆಗೆ ಏನೂ ಉಳಿಯುವುದಿಲ್ಲ. ಈ ಕಾರಣಕ್ಕೇ 2014ರ ಒಂದು ಎಣಿಕೆಯಲ್ಲಿ ಅಮೆರಿಕದ ಮುಂಚೂಣಿಯ 39 ಕಂಪ್ಯೂಟರ್ ಸೈನ್ಸ್ ವಿಭಾಗಗಳ ಪೈಕಿ 27ರಲ್ಲಿ ಆರಂಭಿಕ ಪಾಠಕ್ಕೆ ಪೈಥಾನ್ ಬಂದಿತ್ತು. ನಮ್ಮ ಎನ್‌ಸಿಇಆರ್‌ಟಿಯ 11ನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪಠ್ಯದಲ್ಲೂ ಪೈಥಾನ್ ಇದೆ.

ಚಿಕ್ಕ ಮಕ್ಕಳಾದರೆ ಸ್ಕ್ರ್ಯಾಚ್‌ನಂಥ ಬ್ಲಾಕ್ ಜೋಡಿಸುವ ಭಾಷೆ. ಬ್ಲಾಕ್ ಅಂದರೆ ಆಟಿಕೆ, ಅದರಿಂದ ಶುರು ಮಾಡಿದರೆ ನಿಜವಾದ ಕೋಡಿಂಗ್ ಬರುವುದಿಲ್ಲ ಎನ್ನುವ ಭಯ ಕೆಲವು ಪೋಷಕರಿಗಿದೆ. ಅಮೆರಿಕದ ಹೈಸ್ಕೂಲೊಂದರಲ್ಲಿ ಡೇವಿಡ್ ವೈಂಟ್ರಾಪ್ ಮತ್ತು ಯೂರಿ ವಿಲೆನ್ಸ್ಕಿ ಇದನ್ನು ಪರೀಕ್ಷಿಸಿದರು. ಐದು ವಾರಗಳಲ್ಲಿ ಬ್ಲಾಕ್‌ನಿಂದ ಕಲಿತವರು ಮುಂದಿದ್ದರು, ಎಲ್ಲರೂ ಜಾವಾಕ್ಕೆ ಹೋಗಿ ಹತ್ತು ವಾರ ಕಳೆದ ಮೇಲೆ ಎರಡು ಗುಂಪುಗಳಲ್ಲಿ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಬ್ಲಾಕ್‌ನಿಂದ ನಷ್ಟವಿಲ್ಲ, ಜಾದೂವೂ ಇಲ್ಲ.

ಕಾಲೇಜಿನ ಸಿಲಬಸ್ ಸಿ ಎಂದಿದ್ದರೆ ಅದನ್ನು ಓದಲೇಬೇಕು. ಆಗ ಜೊತೆಜೊತೆಗೆ ದಿನಕ್ಕೆ ಹತ್ತು ನಿಮಿಷ ಪೈಥಾನ್‌ನಲ್ಲಿ ಯೋಚನೆ ಅಭ್ಯಾಸ ಮಾಡಿ, ಆಮೇಲೆ ಅದೇ ಲೆಕ್ಕವನ್ನು ಸಿ ಗೆ ಇಳಿಸುವುದು ನನ್ನ ಸಲಹೆ. ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ 3 ಎಂಬ ಆಪ್ ಇದೆ. ಬ್ರೌಸರ್‌ನಲ್ಲಾದರೆ ಗೂಗಲ್ ಕೋಲ್ಯಾಬ್. ಲ್ಯಾಪ್‌ಟಾಪ್ ಕೊಳ್ಳುವವರೆಗೆ ಕಾಯಬೇಕಿಲ್ಲ.

ಪುಸ್ತಕದಂಗಡಿಯಲ್ಲಿ ಐದು ನಿಮಿಷ

ಪುಸ್ತಕ ಕೈಗೆತ್ತಿಕೊಂಡಾಗ ಮೊದಲು ನೋಡಬೇಕಾದದ್ದು ಅದರ ದಪ್ಪವನ್ನೋ ಮುಖಪುಟದ ‘30 ದಿನಗಳಲ್ಲಿ’ ಎಂಬ ಅಕ್ಷರಗಳನ್ನೋ ಅಲ್ಲ. (ಮೂರು ವಾರ, 24 ಗಂಟೆ ಎಂಬ ಪುಸ್ತಕಗಳನ್ನು ನೋಡಿ ನೋಡಿ ಪೀಟರ್ ನಾರ್ವಿಗ್ ಎಂಬ ಕಂಪ್ಯೂಟರ್ ವಿಜ್ಞಾನಿ ‘ಹತ್ತು ವರ್ಷಗಳಲ್ಲಿ ಪ್ರೋಗ್ರಾಮಿಂಗ್ ಕಲಿಯಿರಿ’ ಎಂದೇ ಒಂದು ಲೇಖನ ಬರೆದರು.) ನಡುವಿನ ಒಂದು ಪುಟ ತೆರೆಯಿರಿ. ಅಲ್ಲಿರುವ ಪ್ರೋಗ್ರಾಂಗೆ ಸಾಲು ಸಾಲಾಗಿ ವಿವರಣೆ ಇದೆಯೇ? ತಪ್ಪಾದ ಪ್ರೋಗ್ರಾಂ ತೋರಿಸಿ, ಬರುವ ಎರರ್ ಸಂದೇಶವನ್ನು ಓದುವುದು ಕಲಿಸುತ್ತದೆಯೇ? ‘ಇದರ ಉತ್ತರ ಊಹಿಸಿ’, ‘ಈ ಸಾಲು ತೆಗೆದರೆ ಏನಾಗುತ್ತದೆ’ ಎಂಬಂಥ ಪ್ರಶ್ನೆಗಳಿವೆಯೇ? ವಿವರಣೆ ಎರಡು ಸಾಲು, ಕೋಡ್ ಎರಡು ಪುಟ ಇದ್ದರೆ ಅದು ಪರೀಕ್ಷೆಯ ಗೈಡು. ಗೈಡಿಗೂ ಅದರ ಉಪಯೋಗ ಇದೆ, ಮೊದಲ ಪುಸ್ತಕವಾಗಿ ಅಲ್ಲ.

ಸಿ ಪುಸ್ತಕವಾದರೆ ಇನ್ನೊಂದು ಪರೀಕ್ಷೆ ಇದೆ. ಪ್ರೋಗ್ರಾಂಗಳ ತುದಿಯಲ್ಲಿ ‘ಕೋನಿಯೋ ಡಾಟ್ ಎಚ್’, ‘ವಾಯ್ಡ್ ಮೇನ್’ ಕಾಣಿಸುತ್ತಿವೆಯೇ? ಪೂರ್ಣಾಂಕದ ಮಿತಿ 32,767 ಎಂದು ಅಚ್ಚಾಗಿದೆಯೇ? ಹಾಗಾದರೆ ಅದು ಟರ್ಬೊ ಸಿ ಕಾಲದ ಪುಸ್ತಕ. ಡಾಸ್ ಕಂಪ್ಯೂಟರುಗಳಿಗೆಂದು ಮೂವತ್ತು ವರ್ಷಗಳಿಗೂ ಹಿಂದೆ ಬಂದ ಆ ತಂತ್ರಾಂಶ ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದೂ ಇಲ್ಲ, ಅದಕ್ಕೆ ಡಾಸ್‌ಬಾಕ್ಸ್‌ನಂಥ ಊರುಗೋಲು ಬೇಕು. ಈಗಿನ ಕಂಪೈಲರುಗಳಲ್ಲಿ ಪೂರ್ಣಾಂಕದ ಮಿತಿ ಸಾಮಾನ್ಯವಾಗಿ 200 ಕೋಟಿಗೂ ಮೇಲೆ. ಆದರೂ ನಮ್ಮ ಅನೇಕ ಲ್ಯಾಬ್‌ಗಳಲ್ಲಿ ಆ ನೀಲಿ ಪರದೆ ಇನ್ನೂ ಹೊಳೆಯುತ್ತಿದೆ.

ಇಂಥ ಪುಸ್ತಕಗಳ ಇನ್ನೊಂದು ಗುರುತು ವೈವಾದಲ್ಲಿ ಕೇಳುವ ಆ ಪ್ರಸಿದ್ಧ ಪ್ರಶ್ನೆ: ಎ 5 ಆಗಿದ್ದರೆ, ಎ++ + ++ಎ ಎಷ್ಟು? ಪುಸ್ತಕದ ಕೊನೆಯಲ್ಲಿ 12 ಎಂದು ಉತ್ತರವೂ ಇರುತ್ತದೆ. ವಾಸ್ತವವೆಂದರೆ ಸಿ ಭಾಷೆಯ ಅಧಿಕೃತ ನಿಯಮಗಳ ಪ್ರಕಾರ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಒಂದೇ ಲೆಕ್ಕದಲ್ಲಿ ಒಂದೇ ವೇರಿಯಬಲ್ ಅನ್ನು ಎರಡು ಸಲ ಬದಲಿಸಿ, ಯಾವುದು ಮೊದಲು ಎಂದು ಹೇಳದಿದ್ದರೆ ಏನು ಬೇಕಾದರೂ ಆಗಬಹುದು ಎಂದು ನಿಯಮವೇ ಕೈತೊಳೆದುಕೊಂಡಿದೆ. ಒಂದು ಕಂಪೈಲರ್ 12 ಕೊಟ್ಟರೆ ಇನ್ನೊಂದು ಬೇರೆ ಕೊಡಬಹುದು, ಎರಡೂ ತಪ್ಪಲ್ಲ. ಈ ಪ್ರಶ್ನೆಗೆ ತಡವರಿಸಿ ತನಗೆ ಬುದ್ಧಿ ಕಡಿಮೆ ಎಂದುಕೊಂಡ ಮಕ್ಕಳೆಷ್ಟೋ.

ಫಾರ್ವರ್ಡಿನ ಐದು ಪುಸ್ತಕಗಳ ಪಟ್ಟಿಯಲ್ಲಿ ಹೆಚ್ಚಾಗಿ ಕರ್ನಿಹ್ಯಾನ್ ಮತ್ತು ರಿಚಿ ಅವರ ‘ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಇರುತ್ತದೆ. 1978ರ ಅದ್ಭುತ ಪುಸ್ತಕ, ತೆಳ್ಳಗೆ, ಅಚ್ಚುಕಟ್ಟು. ಆದರೆ ಇದು ಪ್ರೋಗ್ರಾಮಿಂಗ್‌ನ ಮೊದಲ ಪಾಠದ ಪುಸ್ತಕವಲ್ಲ, ವೇರಿಯಬಲ್, ಲೂಪ್, ಫಂಕ್ಷನ್ ಅಷ್ಟಿಷ್ಟು ಗೊತ್ತಿರುವವರಿಗೆ ಎಂದು ಲೇಖಕರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಮುನ್ನುಡಿ ಓದುವವರು ಯಾರು?

ದುಡ್ಡು ಕೊಡದೆ ಓದಬಹುದಾದವುಗಳಲ್ಲಿ ಆಲನ್ ಡೌನಿ ಅವರ ‘ಥಿಂಕ್ ಪೈಥಾನ್’, ಆಲ್ ಸ್ವೈಗಾರ್ಟ್ ಅವರ ‘ಆಟೊಮೇಟ್ ದಿ ಬೋರಿಂಗ್ ಸ್ಟಫ್ ವಿತ್ ಪೈಥಾನ್’ ಇವೆ. ಎರಡನ್ನೂ ಲೇಖಕರೇ ಇಂಟರ್ನೆಟ್‌ನಲ್ಲಿ ತೆರೆದಿಟ್ಟಿದ್ದಾರೆ. ಮೊದಲನೆಯದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತದೆ. ಎರಡನೆಯದು ಫೈಲುಗಳ ಹೆಸರು ಬದಲಿಸುವುದು, ಎಕ್ಸೆಲ್ ಹಾಳೆ ತುಂಬುವುದು ಮುಂತಾದ ಆಫೀಸು ಕೆಲಸಗಳ ಮೂಲಕ ಕಲಿಸುವುದರಿಂದ ಕೆಲಸದಲ್ಲಿರುವ ದೊಡ್ಡವರಿಗೆ ಹೆಚ್ಚು ಹಿಡಿಸುತ್ತದೆ. ಎನ್‌ಸಿಇಆರ್‌ಟಿ ಪಠ್ಯದ ಪಿಡಿಎಫ್ ಅದರ ವೆಬ್‌ಸೈಟಿನಲ್ಲೇ ಉಚಿತ. ಇವೆಲ್ಲ ಇಂಗ್ಲಿಷಿನವು.

ಇಂಗ್ಲಿಷ್ ಬಾರದಿದ್ದರೆ?

ಸಿ ಭಾಷೆಯ 1989ರ ಮಾನಕದಲ್ಲಿ ಮೀಸಲು ಪದಗಳು ಒಟ್ಟು 32. ಈಚಿನ ಪೈಥಾನ್‌ನಲ್ಲಿ 35. ಇಷ್ಟು ಪದ ಕಲಿಯಲು ಕಾನ್ವೆಂಟ್ ಬೇಡ. ತೊಡಕು ಇರುವುದು ವಿವರಣೆಯಲ್ಲಿ: ಹೊಸ ವಿಷಯ, ಹೊಸ ಭಾಷೆ ಎರಡನ್ನೂ ಒಟ್ಟಿಗೆ ಹೊರಬೇಕಾಗುತ್ತದೆ. ಸಯಮಿಂದು ದಾಸ್‌ಗುಪ್ತ ಮತ್ತು ಬೆಂಜಮಿನ್ ಮಾಕೋ ಹಿಲ್ 2017ರಲ್ಲಿ ಐದು ದೇಶಗಳ ಸ್ಕ್ರ್ಯಾಚ್ ಬಳಕೆದಾರರನ್ನು ಹೋಲಿಸಿದರು. ತಮ್ಮ ನುಡಿಯಲ್ಲಿ ಬ್ಲಾಕುಗಳನ್ನು ಇಟ್ಟುಕೊಂಡು ಕಲಿತವರು, ಅದೇ ದೇಶದಲ್ಲಿ ಇಂಗ್ಲಿಷ್‌ನಲ್ಲಿ ಇಟ್ಟುಕೊಂಡವರಿಗಿಂತ ಬೇಗ ಹೊಸ ಹೊಸ ಪರಿಕಲ್ಪನೆಗಳನ್ನು ಬಳಸತೊಡಗಿದ್ದರು.

ಹಾಗಾಗಿ ಮನೆಯಲ್ಲಿ ಕಲಿಸುವಾಗ ವೇರಿಯಬಲ್‌ಗಳಿಗೆ ಕನ್ನಡದ ಹೆಸರೇ ಇಡಿ, ವಿವರಣೆ ಕನ್ನಡದಲ್ಲೇ ಕೊಡಿ. ಮೀಸಲು ಪದಗಳು ಮಾತ್ರ ಇಂಗ್ಲಿಷ್‌ನಲ್ಲಿ ಇರಲಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ ಧ್ವನಿಯಿರುವ ಕಿರು ಪಾಠಗಳೂ ಉಚಿತವಾಗಿ ಸಿಗುತ್ತವೆ. ಎರರ್ ಸಂದೇಶಗಳು ಇಂಗ್ಲಿಷ್‌ನಲ್ಲೇ ಬರುತ್ತವೆ, ಅದಕ್ಕೆ ದಾರಿಯಿಲ್ಲ. ಪದೇ ಪದೇ ಬರುವ ಹತ್ತು ಸಂದೇಶಗಳ ಅರ್ಥವನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಲು ನಾನು ಅಕ್ಕನ ಮಗಳಿಗೆ ಹೇಳಿದ್ದೆ. ಅವಳ ಹಾಸ್ಟೆಲ್ ರೂಮಿನಲ್ಲಿ ಆ ಪುಟದ ಫೋಟೊ ನಾಲ್ಕು ಫೋನುಗಳಲ್ಲಿದೆಯಂತೆ.

ಚಾಟ್‌ಜಿಪಿಟಿ ಇರುವಾಗ ಇದೆಲ್ಲ ಯಾಕೆ ಎನ್ನುವವರಿಗೆ ಒಂದು ಮಾತು. ಅದು ಬರೆದುಕೊಟ್ಟ ಕೋಡ್ ಸರಿಯೋ ತಪ್ಪೋ ಎಂದು ನೋಡಲು ಓದುವುದು ಬರಬೇಕು. ‘ಈ ಸಾಲು ಏನು ಮಾಡುತ್ತದೆ, ಕನ್ನಡದಲ್ಲಿ ಹೇಳು’ ಎಂದು ಕೇಳಿದರೆ ಅದು ಮೇಷ್ಟರಂತೆ ನೆರವಾಗಬಹುದು, ಹೋಂವರ್ಕ್ ಬರೆಸಿಕೊಂಡರೆ ಕಲಿತದ್ದು ಸೊನ್ನೆ.

ಇನ್ನು ಆರು ವರ್ಷದ ಮಗುವಿನ ವಿಷಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಕೋಡಿಂಗ್ ಚಟುವಟಿಕೆಗಳನ್ನು ಹೇಳಿರುವುದು ಮಾಧ್ಯಮಿಕ ಹಂತಕ್ಕೆ, ಅಂದರೆ 6ರಿಂದ 8ನೇ ತರಗತಿಗೆ. ಅದೇ ವರ್ಷ ಮಕ್ಕಳ ಕೋಡಿಂಗ್ ಕ್ಲಾಸುಗಳ ಕೆಲವು ಜಾಹೀರಾತುಗಳನ್ನು ತೆಗೆಯುವಂತೆ ಜಾಹೀರಾತು ಮಾನದಂಡ ಮಂಡಳಿ ಹೇಳಿದ್ದೂ ಉಂಟು. ಮಗುವಿಗೆ ಇಷ್ಟವಿದ್ದರೆ ಸ್ಕ್ರ್ಯಾಚ್ ಆಡಲಿ, ಅದಕ್ಕೆ ಶುಲ್ಕವಿಲ್ಲ. ಈಗ ಸೇರಿಸದಿದ್ದರೆ ಕಾಲ ಮೀರಿತು ಎಂದು ಹೆದರಿಸಿ ವರ್ಷದ ಫೀಸು ಒಟ್ಟಿಗೆ ಕೇಳುವವರ ಫೋನ್ ಇಟ್ಟುಬಿಡಿ.

ಅಕ್ಕನ ಮಗಳು ಬಿ.ಕಾಂ.ಗೆ ಹೋಗಲಿಲ್ಲ. ಎರಡನೇ ಇಂಟರ್ನಲ್‌ನಲ್ಲಿ 20ಕ್ಕೆ 13 ಬಂತು. ಲ್ಯಾಬ್ ಪರೀಕ್ಷೆಯ ಹಿಂದಿನ ರಾತ್ರಿ ಮತ್ತೆ ಫೋನ್ ಮಾಡಿದ್ದಳು. “ಚಿಕ್ಕಮ್ಮ, ನಾಳೆ ವೈವಾದಲ್ಲಿ ಆ ಎ ಪ್ಲಸ್ ಪ್ಲಸ್ ಪ್ರಶ್ನೆ ಬಂದರೆ ಏನು ಹೇಳಲಿ? ಉತ್ತರ ಇಲ್ಲ ಅಂತ ಹೇಳಲಾ?”

12 ಅಂತ ಹೇಳಿ ಅಂಕ ತಗೊಂಡು ಬಾ ಅಂದೆ.